ಫ್ಲೆಕ್ಸಿನ ಕೊನೆಯ ಸಾಲಿನಲ್ಲಿ

ಬೆಳಿಗ್ಗೆ ಹಾಲು ತರಲು ಹೋದಾಗ ಬೀದಿಯ ತಿರುವಿನಲ್ಲಿ ಹೊಸ ಫ್ಲೆಕ್ಸ್ ಕಂಡಿತು. ಯಾರೋ ‘ಅಣ್ಣ’ನ ಹುಟ್ಟುಹಬ್ಬ. ಕೆಳಗಿನ ಸಾಲಿನಲ್ಲಿ ಅಂಚೆಚೀಟಿಯಷ್ಟು ಚಿಕ್ಕ ಮುಖಗಳು. ಅವುಗಳಲ್ಲೊಂದು, ಎರಡು ವರ್ಷಗಳ ಹಿಂದೆ ಸಂಜೆ ನನ್ನ ಬಳಿ ಗಣಿತ ಹೇಳಿಸಿಕೊಳ್ಳುತ್ತಿದ್ದ ಹುಡುಗನದು. ಕಪ್ಪು ಕನ್ನಡಕ ಹಾಕಿಕೊಂಡಿದ್ದಾನೆ. ಈಗ ಅವನಿಗೆ 16.

ಕೆಟ್ಟ ಹುಡುಗನಲ್ಲ, ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅಪ್ಪ ಇಲ್ಲ. ಅಮ್ಮ ಬೆಳಿಗ್ಗೆ ಆರಕ್ಕೇ ಮನೆಗೆಲಸಕ್ಕೆ ಹೊರಟರೆ ಮರಳುವುದು ಕತ್ತಲಾದ ಮೇಲೆ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಅವನು ಎಲ್ಲಿದ್ದಾನೆಂದು ವಿಚಾರಿಸಿದವರಿಲ್ಲ. ನಾನೂ ವಿಚಾರಿಸಲಿಲ್ಲ. “ಊಟ ಆಯಿತೇನೋ?” ಎಂದು ಕೇಳಿದವನು ಆ ಅಣ್ಣ ಒಬ್ಬನೇ. ಹುಡುಗನ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹೇಳಿದ ಮಾತಿದು.

ಹುಡುಗರು ಇಂಥ ಅಣ್ಣಂದಿರ ರೌಡಿ ಗುಂಪು ಸೇರುವುದು ಹೀಗೆಯೇ. ಮೊದಲು ಬ್ಯಾನರ್ ಕಟ್ಟುವ ಕೆಲಸ, ಒಂದು ಪೊಟ್ಟಣ ಬಿರಿಯಾನಿ, ಬೈಕಿನಲ್ಲಿ ಒಂದು ಸುತ್ತು. ಆಮೇಲೆ ಬಡ್ಡಿ ವಸೂಲಿಗೆ ಹೋದವರ ಹಿಂದೆ ಸುಮ್ಮನೆ ನಿಲ್ಲುವುದು. ಮಚ್ಚು ಕೈಗೆ ಬರುವುದು ಎಷ್ಟೋ ದಿನಗಳ ನಂತರ. ‘18 ತುಂಬುವವರೆಗೆ ಏನೂ ಆಗುವುದಿಲ್ಲ’ ಎಂದು ಇಂಥ ಹುಡುಗರನ್ನು ನಂಬಿಸುತ್ತಾರೆ. ಅದು ಸುಳ್ಳು. 2015ರ ಬಾಲನ್ಯಾಯ ಕಾಯ್ದೆಯಡಿ, 16 ತುಂಬಿದವನು ಘೋರ ಅಪರಾಧ ಎಸಗಿದರೆ ವಯಸ್ಕನಂತೆಯೇ ವಿಚಾರಣೆಗೆ ಗುರಿಯಾಗಬಹುದು.

ಅವನ ಹಳೆಯ ಗಣಿತದ ಪುಸ್ತಕ ಇನ್ನೂ ನನ್ನ ಕಪಾಟಿನಲ್ಲಿದೆ, ಭಿನ್ನರಾಶಿಯ ಲೆಕ್ಕ ಅರ್ಧಕ್ಕೆ ನಿಂತಿದೆ. ಸಂಜೆ ಅದನ್ನು ಹಿಡಿದು ಅವನ ಮನೆಗೆ ಹೋಗುತ್ತಿದ್ದೇನೆ.