ನಾಲ್ಕು ಲೇನಿನ ಕಾರ್ಡ್

ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುವುದು ನನ್ನ ಕೆಲಸ. ಸಾಮಾನ್ಯ ದಿನಗಳಲ್ಲಿ ಎರಡೋ ಮೂರೋ, ದಸರೆಯಿಂದ ದೀಪಾವಳಿಯವರೆಗೆ ಆರು ಏಳು. ಕೈ ಪಳಗಿದ ಮೇಲೆ ಸ್ಕ್ರೂ ಬಿಗಿಯಲು ಕಣ್ಣು ಬೇಕಾಗುವುದಿಲ್ಲ. ಆ ಪಳಗಿದ ಕೈಯೇ 2022ರ ಅಕ್ಟೋಬರಿನಲ್ಲಿ ನನಗೆ ಕೈಕೊಟ್ಟಿತು.

ಗಿರಾಕಿ ಹಾಸನದ ಕಡೆಯ ಹುಡುಗ, ಪೀಣ್ಯದಲ್ಲಿ ಕೆಲಸ. ಎರಡು ವರ್ಷ ಕೂಡಿಟ್ಟ 55,000 ರೂಪಾಯಿ ಅವನ ಬಳಿ ಇತ್ತು. ಮಾನಿಟರ್ ಮನೆಯಲ್ಲಿದೆ, ಪೆಟ್ಟಿಗೆ ಮಾತ್ರ ಸಾಕು ಎಂದ. "ಅಣ್ಣಾ, ಜಿಟಿಎ ಫೈವ್ ಆಡಬೇಕು, ಸೈಬರ್‌ಪಂಕ್ ಆಡಬೇಕು. ಆಡಿದ್ದನ್ನು ರೆಕಾರ್ಡ್ ಮಾಡಿ, ಕನ್ನಡದಲ್ಲಿ ಮಾತನಾಡಿ ಯೂಟ್ಯೂಬಿಗೆ ಹಾಕಬೇಕು." ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಚೀಟಿ ಬರೆದುಕೊಟ್ಟೆ. ಪ್ರೊಸೆಸರ್ ರೈಜನ್ 5 5500, ಆರು ಕೋರ್, ಹನ್ನೆರಡು ಥ್ರೆಡ್. ಬಿ550 ಮದರ್‌ಬೋರ್ಡ್. ಎಂಟೆಂಟು ಜಿಬಿಯ ಎರಡು ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 6500 ಎಕ್ಸ್‌ಟಿ, 4 ಜಿಬಿ. ಕಾರ್ಡಿನ ಡಬ್ಬಿಯ ಮೇಲೆ ಪಿಸಿಐಇ 4.0 (ಕಾರ್ಡಿಗೆ ಡೇಟಾ ಹೋಗಿಬರುವ ದಾರಿಯ ನಾಲ್ಕನೆಯ ಪೀಳಿಗೆ) ಎಂದಿತ್ತು, ಮದರ್‌ಬೋರ್ಡಿನ ಡಬ್ಬಿಯ ಮೇಲೂ ಹಾಗೆಯೇ ಇತ್ತು. ಎರಡು ಡಬ್ಬಿ ಹೊಂದಿದರೆ ಜಾತಕ ಕೂಡಿದಂತೆ ಎಂದು ನಾನು ನಂಬಿದ್ದ ಕಾಲ ಅದು.

ಹನ್ನೆರಡು ದಿನಗಳಾದ ಮೇಲೆ ಅವನು ಕ್ಯಾಬಿನೆಟ್ಟನ್ನು ಆಟೋದಲ್ಲಿ ಹೇರಿಕೊಂಡು ಬಂದ. ಸಿಟ್ಟೇನೂ ಮಾಡಲಿಲ್ಲ. "ನೇರವಾಗಿ ಹೋದರೆ ಚೆನ್ನಾಗಿದೆ ಅಣ್ಣಾ, ಕಾರು ತಿರುಗಿಸಿದ ಕೂಡಲೇ ಎಡವುತ್ತದೆ" ಎಂದ. ನನಗೆ ಬಂದ ದೂರುಗಳಲ್ಲಿ ಇಷ್ಟು ನಿಖರವಾದದ್ದು ಇನ್ನೊಂದಿಲ್ಲ. ಆದರೂ ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಅರ್ಧ ದಿನ ಹಿಡಿಯಿತು.

ಮೊದಲು ಡ್ರೈವರ್ ತೆಗೆದು ಮತ್ತೆ ಹಾಕಿದೆ. ರ‍್ಯಾಮ್ ಬದಲಿಸಿದೆ. ಪವರ್ ಸಪ್ಲೈ ಬದಲಿಸಿದೆ. ಆಮೇಲೆ ನಮ್ಮ ಹಳೆಯ ಪರೀಕ್ಷೆ: ಆಟದ ರೆಸೊಲ್ಯೂಶನ್ನನ್ನು 1920×1080ರಿಂದ 1280×720ಕ್ಕೆ ಇಳಿಸುವುದು. ಪ್ರತಿ ಫ್ರೇಮಿನಲ್ಲಿ, ಅಂದರೆ ಪರದೆಯ ಒಂದೊಂದು ಚಿತ್ರದಲ್ಲಿ, ಕಾರ್ಡ್ ಬಿಡಿಸಬೇಕಾದ ಚುಕ್ಕೆಗಳು ಸುಮಾರು 20.7 ಲಕ್ಷದಿಂದ 9.2 ಲಕ್ಷಕ್ಕೆ ಇಳಿಯುತ್ತವೆ. ಪ್ರೊಸೆಸರಿನ ಕೆಲಸ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹಾಗೆ ಇಳಿಸಿದಾಗ ಸೆಕೆಂಡಿಗೆ ಬರುವ ಫ್ರೇಮ್ ಏರಿದರೆ ಕಾರ್ಡ್ ಸೋಲುತ್ತಿದೆ, ಏರದಿದ್ದರೆ ಪ್ರೊಸೆಸರ್ ಸೋಲುತ್ತಿದೆ. ಇಲ್ಲಿ ಫ್ರೇಮ್ ಏರಿತು, ತಿರುಗಿದಾಗಿನ ಎಡವಾಟ ಹಾಗೆಯೇ ಉಳಿಯಿತು. ಕಾರ್ಡೂ ಅಲ್ಲ, ಪ್ರೊಸೆಸರೂ ಅಲ್ಲ ಎಂಬಂಥ ಉತ್ತರ.

ನಮ್ಮ ಯಜಮಾನರು ಪಿಸಿಐಇಗಿಂತ ಹಿಂದಿನ ಎಜಿಪಿ ಕಾರ್ಡುಗಳ ಕಾಲದಿಂದ ಈ ರಸ್ತೆಯಲ್ಲಿರುವವರು. ಬಿಲ್ ಬರೆಯುತ್ತಲೇ, "ಎಲ್ಲವನ್ನೂ ಬದಲಿಸಿದೆ, ಪ್ರೊಸೆಸರನ್ನು ಯಾಕೆ ಬಿಟ್ಟೆ?" ಎಂದರು. ಶೆಲ್ಫಿನಲ್ಲಿದ್ದ ರೈಜನ್ 5 5600 ತೆಗೆದು ಕೂರಿಸಿದೆ. ಬೋರ್ಡ್ ಅದೇ, ಕಾರ್ಡ್ ಅದೇ, ಆಟದ ಬೀದಿಯೂ ಅದೇ. ಎಡವಾಟ ಬಹುಪಾಲು ನಿಂತಿತು. ಆರು ಕೋರಿನ ಬದಲು ಆರೇ ಕೋರ್ ಹಾಕಿದರೆ ಇಷ್ಟು ವ್ಯತ್ಯಾಸವೇ ಎಂದು ಅನುಮಾನ ಬಂದು, ಅಂದು ಮೊದಲ ಬಾರಿಗೆ ಕಾರ್ಡು, ಎರಡು ಪ್ರೊಸೆಸರು, ಈ ಮೂರರ ವಿವರಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿ ತೆರೆದು ಓದಿದೆ. ಮಾರುವ ಮೊದಲು ಮಾಡಬೇಕಾಗಿದ್ದ ಕೆಲಸ ಅದು.

6500 ಎಕ್ಸ್‌ಟಿ ಕೂರುವುದು ಹದಿನಾರು ಲೇನಿನ ಉದ್ದದ ಸ್ಲಾಟಿನಲ್ಲಿ, ಆದರೆ ಅದು ಬಳಸುವುದು ನಾಲ್ಕೇ ಲೇನ್. ಲೇನ್ ಎಂದರೆ ಡೇಟಾ ಓಡಾಡುವ ಓಣಿ. ಪಿಸಿಐಇ 4.0ರಲ್ಲಿ ನಾಲ್ಕು ಲೇನ್ ಎಂದರೆ ಸೆಕೆಂಡಿಗೆ ಸುಮಾರು 8 ಜಿಬಿ, 3.0ರಲ್ಲಿ ಅದರ ಅರ್ಧ, ಸುಮಾರು 4 ಜಿಬಿ. ಬಿ550 ಬೋರ್ಡಿಗೆ 4.0 ಬರುತ್ತದೆ ನಿಜ. ಆದರೆ ಗ್ರಾಫಿಕ್ಸ್ ಸ್ಲಾಟಿನ ತಂತಿಗಳು ಹೋಗುವುದು ನೇರವಾಗಿ ಪ್ರೊಸೆಸರಿಗೆ. ರೈಜನ್ 5 5500ಕ್ಕೆ ಗೊತ್ತಿರುವುದು 3.0 ಮಾತ್ರ. ಹೆಸರಿನಲ್ಲಿ ನೂರು ಹೆಚ್ಚಿರುವ 5600ಕ್ಕೆ 4.0 ಗೊತ್ತಿದೆ.

ಕಾರ್ಡಿನ 4 ಜಿಬಿ ಮೆಮೊರಿ ತುಂಬದಿದ್ದರೆ ಇದು ಅಷ್ಟಾಗಿ ಬಾಧಿಸುತ್ತಿರಲಿಲ್ಲ. ನಮ್ಮ ಅಂಗಡಿಯನ್ನೇ ನೋಡಿ. ಗಲ್ಲಾದ ಹಿಂದಿನ ಶೆಲ್ಫಿನಲ್ಲಿ ಇರುವ ಸಾಮಾನು ಕೈ ಚಾಚಿದರೆ ಸಿಗುತ್ತದೆ. ಇಲ್ಲದ್ದನ್ನು ಮೂರನೆಯ ಮಹಡಿಯ ಗೋದಾಮಿನಿಂದ ಹುಡುಗ ತರಬೇಕು, ಮೆಟ್ಟಿಲು ಇಕ್ಕಟ್ಟು. ಆ ಕಾರ್ಡಿನ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 144 ಜಿಬಿ. ಅದು ತುಂಬಿತೆಂದರೆ ಉಳಿದ ಟೆಕ್ಸ್‌ಚರುಗಳು (ಆಟದ ಗೋಡೆ, ರಸ್ತೆಗಳ ಮೇಲೆ ಹೊದಿಸುವ ಚಿತ್ರಗಳು) ಕಂಪ್ಯೂಟರಿನ ರ‍್ಯಾಮಿನಿಂದ ಸೆಕೆಂಡಿಗೆ 4 ಜಿಬಿಯ ಆ ಮೆಟ್ಟಿಲು ಇಳಿದು ಬರಬೇಕು. ನೇರ ರಸ್ತೆಯಲ್ಲಿ ಬೇಕಾದದ್ದೆಲ್ಲ ಶೆಲ್ಫಿನಲ್ಲೇ ಇರುತ್ತದೆ. ಕಾರು ತಿರುಗಿದ ಕೂಡಲೇ ಹೊಸ ಬೀದಿ, ಹೊಸ ಗೋಡೆಗಳು, ಹುಡುಗ ಮಹಡಿ ಹತ್ತಬೇಕು. ರೆಸೊಲ್ಯೂಶನ್ ಇಳಿಸಿದರೂ ಟೆಕ್ಸ್‌ಚರುಗಳ ಗಾತ್ರ ಇಳಿಯದ್ದರಿಂದ ನನ್ನ ಪರೀಕ್ಷೆ ದಾರಿ ತಪ್ಪಿತ್ತು. ಟೆಕ್ಸ್‌ಚರನ್ನು ಒಂದು ಹಂತ ಕೆಳಗಿಳಿಸಿದಾಗ 5500ರಲ್ಲೂ ಆಟ ನಯವಾಯಿತು.

ಪ್ರೊಸೆಸರ್ ಬದಲಿಸಿ ಕಳುಹಿಸಬಹುದಿತ್ತು. ಆಗ ಹುಡುಗ ಮೆಲ್ಲಗೆ, "ರೆಕಾರ್ಡ್ ಮಾಡಿದಾಗ ಇನ್ನೂ ಜಾಸ್ತಿ ನಿಲ್ಲುತ್ತದೆ ಅಣ್ಣಾ" ಎಂದ. ಪಟ್ಟಿಯನ್ನು ಮತ್ತೆ ನೋಡಿದೆ. ಆ ಕಾರ್ಡಿನಲ್ಲಿ ಚಿತ್ರಗಳನ್ನು ಕುಗ್ಗಿಸಿ ವಿಡಿಯೊ ಕಡತ ಮಾಡುವ ವಿಡಿಯೊ ಎನ್‌ಕೋಡರೇ ಇಲ್ಲ. ವಿಡಿಯೊ ನೋಡಲು ಅಡ್ಡಿಯಿಲ್ಲ, ಆದರೆ ರೆಕಾರ್ಡ್ ಮಾಡುವ ಭಾರವೆಲ್ಲ ಪ್ರೊಸೆಸರಿನ ಮೇಲೆ ಬೀಳುತ್ತದೆ. ಯೂಟ್ಯೂಬಿಗೆ ಹಾಕಬೇಕು ಎಂದು ಅವನು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದ. ಕಾರ್ಡಿನ ದೋಷ ಎಂದು ನಾನು ಹೇಳಲಾರೆ. ಅದು ಏನೆಂದು ಅದರ ಪಟ್ಟಿಯಲ್ಲೇ ಬರೆದಿತ್ತು, ಓದದವನು ನಾನು.

ಕೊನೆಗೆ ಕಾರ್ಡನ್ನು ಹಿಂದಕ್ಕೆ ಪಡೆದು ಆರ್‌ಎಕ್ಸ್ 6600 ಕೊಟ್ಟೆವು. 8 ಜಿಬಿ ಮೆಮೊರಿ, ಎಂಟು ಲೇನ್, ಎನ್‌ಕೋಡರ್ ಇದೆ. ಪ್ರೊಸೆಸರ್ 5500 ಉಳಿಯಿತು. ಎಂಟು ಲೇನಿದ್ದರೆ 3.0ರಲ್ಲೂ ದಾರಿ ಸಾಕು, ಮೆಮೊರಿ ತುಂಬುವುದೂ ಅಪರೂಪ. ಬಿ550 ಬೋರ್ಡಿನ 4.0 ಆ ಪ್ರೊಸೆಸರಿನ ಜೊತೆ ಗೋಡೆಗೆ ಬರೆದ ಬಾಗಿಲಿನಂತೆ ಇದ್ದುದರಿಂದ ಅದನ್ನೂ ತೆಗೆದು ಬಿ450 ಹಾಕಿದೆವು, ಒಂದಿಷ್ಟು ಹಣ ಉಳಿಯಿತು. ಹಳೆಯ ಕಾರ್ಡಿಗೆ 107 ವ್ಯಾಟ್, ಹೊಸದಕ್ಕೆ 132. ಪವರ್ ಸಪ್ಲೈ 450 ವ್ಯಾಟಿನದೇ ಸಾಕಾಯಿತು. ಮಿಕ್ಕ ವ್ಯತ್ಯಾಸದಲ್ಲಿ ಸ್ವಲ್ಪ ಅವನು ಕೊಟ್ಟ, ಸ್ವಲ್ಪ ನನ್ನ ಆ ತಿಂಗಳ ಕಮಿಷನ್ನಿನಿಂದ ಹೋಯಿತು. ಯಜಮಾನರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಈಗ ನಾನು ಬಜೆಟ್ ಕೇಳುವ ಮೊದಲು ಮಾನಿಟರ್ ಯಾವುದು ಎಂದು ಕೇಳುತ್ತೇನೆ. 60 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು ಸೆಕೆಂಡಿಗೆ 150 ಫ್ರೇಮಿಗಾಗಿ ಹಣ ಸುರಿದರೆ ಅದರಲ್ಲಿ ಕಣ್ಣಿಗೆ ಬೀಳುವುದು 60. (144 ಹರ್ಟ್ಸ್ ಮಾನಿಟರ್ ಕೊಂಡು ವಿಂಡೋಸಿನಲ್ಲಿ 60ಕ್ಕೇ ಬಿಟ್ಟವರೂ, ಕೇಬಲನ್ನು ಕಾರ್ಡಿಗೆ ಹಾಕದೆ ಮದರ್‌ಬೋರ್ಡಿಗೆ ಹಾಕಿ "ಕಾರ್ಡ್ ಸತ್ತಿದೆ" ಎಂದು ಫೋನ್ ಮಾಡಿದವರೂ ವಾರಕ್ಕೊಬ್ಬರು ಸಿಗುತ್ತಾರೆ.) ಆಮೇಲೆ ಆಟ ಯಾವುದು ಎಂಬ ಪ್ರಶ್ನೆ. ಸೈಬರ್‌ಪಂಕ್‌ನಂಥ ಆಟಕ್ಕೆ ಪೆಟ್ಟಿಗೆಯ ಹಣದಲ್ಲಿ ಐದರಲ್ಲಿ ಎರಡು ಪಾಲನ್ನು ಕಾರ್ಡಿಗೇ ಇಡುತ್ತೇನೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಮಾತ್ರ ಆಡುವವರಿಗೆ ಲೆಕ್ಕ ತಿರುಗುತ್ತದೆ. ಅಲ್ಲಿ ಮೊದಲು ಸುಸ್ತಾಗುವುದು ಪ್ರೊಸೆಸರ್. 5500ರ ಎಲ್3 ಕ್ಯಾಶ್, ಅಂದರೆ ಪ್ರೊಸೆಸರಿನ ಒಳಗಿನ ವೇಗದ ಮೆಮೊರಿ, 16 ಎಂಬಿ, 5600ರದು 32. ಆ ಆಟಗಳಲ್ಲಿ ಇದು ಫ್ರೇಮಿನಲ್ಲಿ ಕಾಣುತ್ತದೆ.

ಮಗನ ಜೊತೆ ಬರುವ ತಂದೆಯರಿಗೆ ಇದನ್ನು ಒಪ್ಪಿಸುವುದು ಕಷ್ಟ. "ಐ7 ಹಾಕಿ" ಎನ್ನುತ್ತಾರೆ. ಇಂಟೆಲ್ ಪ್ರೊಸೆಸರುಗಳಲ್ಲಿ ಐ7 ಎಂಬುದು ಮನೆಯ ಮುಂದಿನ ಗೇಟಿನ ಹಾಗೆ, ನೆಂಟರಿಗೆ ಕಾಣಬೇಕು. ಐ5 12400 ಹಾಕಿ ಉಳಿದದ್ದನ್ನು ಕಾರ್ಡಿಗೆ ಕೊಡೋಣ ಎಂದರೆ ನಾನು ಏನೋ ಕದಿಯುತ್ತಿದ್ದೇನೆ ಎಂಬಂತೆ ನೋಡುತ್ತಾರೆ. ಅದರಲ್ಲೂ ಹೆಸರಿನ ಕೊನೆಗೆ ಎಫ್ ಇರುವುದೋ ಇಲ್ಲದ್ದೋ ಎಂಬುದಕ್ಕೆ ನನ್ನದೇ ಹಟ ಒಂದಿದೆ. 12400ಎಫ್ ಸ್ವಲ್ಪ ಅಗ್ಗ, ಏಕೆಂದರೆ ಕಾರ್ಡ್ ಇಲ್ಲದಾಗ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಅದರೊಳಗೆ ಇಲ್ಲ. ಕಲಬುರಗಿಯ ವಿದ್ಯಾರ್ಥಿಯೊಬ್ಬನ ಕಾರ್ಡ್ ವಾರಂಟಿಗೆಂದು ಹೋಗಿ ಬರಲು ಒಂದು ತಿಂಗಳು ಹಿಡಿಯಿತು. ಎಫ್ ಪ್ರೊಸೆಸರ್ ಆದ್ದರಿಂದ ಅಷ್ಟೂ ದಿನ ಪರದೆ ಕಪ್ಪು, ಅದೂ ಪ್ರಾಜೆಕ್ಟ್ ವರದಿ ಕೊಡಬೇಕಾದ ತಿಂಗಳು. ದೂರದೂರಿನವರಿಗೆ ನಾನು ಎಫ್ ಇಲ್ಲದ್ದನ್ನೇ ಹೇಳುತ್ತೇನೆ. ಬೆಂಗಳೂರಿನವರು ಬೇಕಾದರೆ ಆ ಹಣ ಉಳಿಸಿಕೊಳ್ಳಲಿ.

ಹೆಸರನ್ನು ಪೂರ್ತಿ ಓದುವ ಅಭ್ಯಾಸವೂ ಆ ಅಕ್ಟೋಬರಿನಿಂದಲೇ ಬಂದದ್ದು. ಆರ್‌ಟಿಎಕ್ಸ್ 3050 ಎಂದು ಕೇಳಿದರೆ ಸಾಲದು. 2022ರ 8 ಜಿಬಿಯದು 130 ವ್ಯಾಟಿನ ಕಾರ್ಡ್, 2024ರ 6 ಜಿಬಿಯದು 70 ವ್ಯಾಟಿನದು. ಕೋರುಗಳೂ ಕಡಿಮೆ, ಮೆಮೊರಿಯ ಬಸ್ಸೂ, ಅಂದರೆ ಅದಕ್ಕೆ ಹೋಗುವ ದಾರಿಯ ಅಗಲವೂ, 128ರಿಂದ 96 ಬಿಟ್ಟಿಗೆ ಇಳಿದಿದೆ. ಹಾಗೆಂದು ಚಿಕ್ಕದನ್ನು ನಾನು ತೆಗಳುವುದಿಲ್ಲ. ಸ್ಲಾಟಿನಿಂದಲೇ 75 ವ್ಯಾಟ್ ಸಿಗುವುದರಿಂದ ಅದರ ಬಹಳಷ್ಟು ಮಾದರಿಗಳಿಗೆ ಬೇರೆ ಕೇಬಲ್ ಬೇಡ. ಕಚೇರಿಯಿಂದ ಬಂದ ಹಳೆಯ ಕಂಪ್ಯೂಟರನ್ನು ಆಟದ ಯಂತ್ರ ಮಾಡಬೇಕೆನ್ನುವವರಿಗೆ ಅದಕ್ಕಿಂತ ಸಲೀಸಾದ ದಾರಿ ನನಗೆ ತೋಚಿಲ್ಲ.

ಹಿಂದಕ್ಕೆ ಪಡೆದ 6500 ಎಕ್ಸ್‌ಟಿ ನಾಲ್ಕು ತಿಂಗಳು ಗಲ್ಲಾದ ಹಿಂದೆ ಕುಳಿತಿತ್ತು. ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತಿತ್ತು. ಫೆಬ್ರವರಿಯಲ್ಲಿ ವ್ಯಾಲರಂಟ್ ಬಿಟ್ಟು ಬೇರೇನೂ ಆಡದ ಒಬ್ಬಳು ಬಂದಳು, ಕೈಯಲ್ಲಿ ಐ3 12100ಎಫ್ ಮತ್ತು ಎಚ್610 ಬೋರ್ಡ್. ಆ ಪ್ರೊಸೆಸರಿಗೆ 4.0 ಗೊತ್ತು, ಆ ಬೋರ್ಡಿನ ಸ್ಲಾಟಿಗೂ ಗೊತ್ತು. ಲೇನುಗಳ ಕತೆ, 4 ಜಿಬಿಯ ಮಿತಿ, ರೆಕಾರ್ಡಿಂಗ್ ಇಲ್ಲದಿರುವುದು, ಇದು ಒಮ್ಮೆ ವಾಪಸು ಬಂದ ಕಾರ್ಡ್ ಎಂಬುದು, ಎಲ್ಲವನ್ನೂ ಹೇಳಿದೆ. "ಸರ್, ನೀವು ಮಾರುತ್ತಿದ್ದೀರೋ ಬೇಡ ಎನ್ನುತ್ತಿದ್ದೀರೋ?" ಎಂದು ಕೇಳಿದಳು. ಬೆಲೆಯಲ್ಲಿ ಸಾಕಷ್ಟು ಇಳಿಸಿ ಕೊಟ್ಟೆ. ಕಳೆದ ವರ್ಷ ರ‍್ಯಾಮ್ ಹೆಚ್ಚಿಸಲು ಮತ್ತೆ ಬಂದಿದ್ದಳು. ಕ್ಯಾಬಿನೆಟ್ ತೆರೆದಾಗ ಕಾರ್ಡ್ ಅದೇ ಸ್ಲಾಟಿನಲ್ಲಿ ಇತ್ತು, ಫ್ಯಾನಿನ ಮೇಲೆ ಬೆರಳು ದಪ್ಪ ಧೂಳು. ಊದಿ ತೆಗೆದು ಮತ್ತೆ ಕೂರಿಸಿದೆ.