10 ರೂಪಾಯಿಗೆ ಸೂಡು ಸಿಗತೈತಿ, ನಿಮಗ್ಯಾಕ್ರಿ ಈ ಉಸಾಬರಿ?

ಧಾರವಾಡದಿಂದ ಹುಬ್ಬಳ್ಳಿಗೆ ಹೋಗೋ ಚಿಗರಿ ಬಸ್ಸಿನಾಗ, ಆಫೀಸಿನ ಊಟದ ಹೊತ್ತಿನಾಗ, ಯಾರದರ ಲಗ್ನದಾಗ ಪಂಕ್ತಿಗೆ ಕುಂತಾಗ ಸೈತ ಈ ಪ್ರಶ್ನೆ ನನಗ ತಪ್ಪಂಗಿಲ್ಲ. "ಅಲ್ರೀ ಮೇಡಮ್, ಮಾರ್ಕೆಟ್ಟಿನಾಗ 10 ರೂಪಾಯಿಗೆ ಸೂಡು ಮೆಂತೆ ಸಿಗತೈತಿ, ನಮ್ಮೂರಾಗ ನೋಡಿದ್ರ ನಾಕೈದು ದಿನಕ್ಕೊಮ್ಮೆ ನಳ ಬರತೈತಿ, ಅದೂ ಬ್ಯಾಸಗಿ ಬಾಗಲಾಗ ಬಂದು ನಿಂತಾಗ ನೀವು ಮಾಳಿಗಿ ಮ್ಯಾಲೆ ಕಾಯಿಪಲ್ಲೆ ಹಚ್ಚತೀರಿ, ಏನ್ ಸಿಗತೈತ್ರಿ ಅದರಾಗ?"

ರೊಕ್ಕ ಅಂತೂ ಸಿಗಂಗಿಲ್ಲ, ಅದನ್ನ ಮೊದಲ ಹೇಳಿಬಿಡತೇನಿ. ಮೊದಲನೇ ವರ್ಷ ಮಣ್ಣು, ತಿಪ್ಪಿಗೊಬ್ಬರ, 8 ಗ್ರೋ ಬ್ಯಾಗು (ಗಿಡ ಹಚ್ಚೋ ಚೀಲ), ಬೀಜ, ಎಲ್ಲಾ ಸೇರಿ 1,900 ರೂಪಾಯಿ ಹೋತು. ಆ ಬ್ಯಾಸಗ್ಯಾಗ ಬಂದಿದ್ದು ಹೆಚ್ಚಂದ್ರ 20 ಹೀರಿಕಾಯಿ. ನಮ್ಮನಿಯವ್ರು ಮೊಬೈಲ್ ತಗದು ಲೆಕ್ಕಾ ಮಾಡಿ "ಒಂದು ಹೀರಿಕಾಯಿಗೆ 95 ರೂಪಾಯಿ ಬಿತ್ತು ನೋಡು" ಅಂದ್ರು, ಅಂದು ಆ ಪಲ್ಲೆ ಎರಡು ಸಲ ಹಾಕಿಸ್ಕೊಂಡು ಉಂಡ್ರು.

ನನ್ನ ತವರಮನಿ ನವಲಗುಂದ ಕಡೆ. ಎರಿ ಹೊಲ, ಬ್ಯಾಸಗ್ಯಾಗ ಕಾಲು ಸಿಗಬೀಳೋ ಅಷ್ಟು ಬಿರುಕು ಬಿಡತೈತಿ, ಮಳಿಗಾಲದಾಗ ಚಪ್ಪಲ್ ಕಸ್ಕೊಂಡು ಬಿಡತೈತಿ. ಇಲ್ಲಿ ಧಾರವಾಡದಾಗ ನಮ್ಮನಿ ಸುತ್ತ ಕೆಂಪು ಮಣ್ಣು, ನೀರು ಹಾಕಿದ್ರ ಜರ್ ಅಂತ ಇಳಿದು ಹೋಗತೈತಿ. ಹಿಂಗಾಗಿ ನನಗ ಮೊದಲ ಎರಡೂ ತಿಳೀಲಿಲ್ಲ, ಎರಿ ಮಣ್ಣಿಗೆ ಹಾಕಿದಂಗ ಕೆಂಪು ಮಣ್ಣಿಗೆ ನೀರು ಹಾಕಿ ಸಸಿ ಒಣಗಿಸಿದೆ, ಆಮ್ಯಾಲೆ ಹೆದರಿ ದಿನಾ ಎರಡು ಸಲ ಹಾಕಿ ಬೇರು ಕೊಳಸಿದೆ. ಈಗ ಕೆಂಪು ಮಣ್ಣಿಗೆ ಅರ್ಧದಷ್ಟು ಹಳೇ ತಿಪ್ಪಿಗೊಬ್ಬರ ಕೂಡಸತೇನಿ. ಹಳೇದು ಇರಬೇಕ ಮತ್ತ, ಹಸಿ ಸಗಣಿ ಹಾಕಿದ್ರ ಅದರ ಕಾವಿಗೆ ಸಸಿ ಸುಟ್ಟು ಹೋಗತಾವ.

ನಮ್ಮ ಕಡೆ ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗತೈತಿ ಅಂತಾರಲ್ಲ, ನಾನು ಆ ಹೊತ್ತಿಗೇ ಬೀಜ ಊರತೇನಿ. ಮೆಂತೆ ಭಾಳ ಪುಣ್ಯವಂತ, ಮೂರು ನಾಕು ದಿನಕ್ಕ ಮ್ಯಾಲೆ ಬಂದು ಬಿಡತೈತಿ. ಅದು ಬರೋದನ್ನ ನೀವು ನೋಡಬೇಕ್ರಿ, ಒಂದೊಂದಾಗಿ ಬರಂಗಿಲ್ಲ, ಎಲ್ಲಾ ಕೂಡಿ ಮ್ಯಾಲಿನ ಮಣ್ಣಿನ ಹೊಪ್ಪಳಿಕಿ ಎತ್ತತಾವ, ಹಂಚಿನ ಮ್ಯಾಲೆ ರೊಟ್ಟಿ ಉಬ್ಬತೈತಲ್ಲ ಹಂಗ. ಬೆಳಿಗ್ಗೆ ಚಾ ಕಪ್ಪು ಹಿಡ್ಕೊಂಡು ಮಾಳಿಗಿ ಹತ್ತಿ ಅದನ್ನ ನೋಡಕೋತ ನಿಂತ್ರ ಚಾ ಆರಿ ಹೋಗಿರತೈತಿ, ನನ್ನ ಬಸ್ಸೂ ಹೋಗಿರತೈತಿ.

ಕೋತಂಬರಿ ಹಂಗಲ್ಲ, ಭಾಳ ಸೊಕ್ಕಿಂದು. ಮೊದಲನೇ ಸಲ ಅಡಗಿಮನಿ ಡಬ್ಬಿಯಿಂದ ಕಾಳು ತಗೊಂಡು ಹಂಗ ಚೆಲ್ಲಿದೆ, ವಾರ ಕಾದೆ, ತಡಿಲಾರದ ಕೆದರಿ ನೋಡಿದೆ, ಮತ್ತ ಮುಚ್ಚಿದೆ, ಮತ್ತ ಕೆದರಿದೆ. ಅವ್ವ ಬಂದವಳು ನಕ್ಕು ನಕ್ಕು ಸಾಕಾದಳು. "ಆ ಕಾಳಿನೊಳಗ ಎರಡು ಬೀಜ ಇರತಾವ ಯವ್ವಾ, ಒಡೀಬೇಕು" ಅಂದು ಚಪಾತಿ ಮಣಿ ಮ್ಯಾಲೆ ಹಾಕಿ ಲಟ್ಟಣಗಿಲೆ ಹಗೂರಕ ಉಳ್ಳಿಸಿ ಎರಡು ಹೋಳು ಮಾಡಿ ಕೊಟ್ಟಳು. ಅವನ್ನ ಒಂದು ರಾತ್ರಿ ನೀರಾಗ ಇಟ್ಟು ಹಾಕಿದೆ, ಹತ್ತನೇ ದಿನಕ್ಕ ಬಂದ್ವು. ಬಿಸಿಲು ಏರಿದಂಗ ಅದು ಎಲಿ ಬಿಡೋದು ಬಿಟ್ಟು ಲಗೂನ ಹೂವಿಗೆ ಹೋಗಿಬಿಡತೈತಿ, ಹಿಂಗಾಗಿ ಯುಗಾದಿಯೊಳಗ ಉಂಡು ಮುಗಿಸಬೇಕು.

ನೀರಿನ ಮಾತು ಕೇಳತೀರಲ್ಲ. ಸವದತ್ತಿ ಹತ್ರ ನವಿಲುತೀರ್ಥದ ಡ್ಯಾಮಿನಿಂದ ಮಲಪ್ರಭಾ ನೀರು ನಮ್ಮನಿ ನಳಕ್ಕ ಬರೋದ್ರಾಗ ನಾಕೈದು ದಿನ, ಕೆಲವೊಮ್ಮೆ ವಾರ. ಅಂಥಾ ನೀರನ್ನ ಗಿಡಕ್ಕ ಸುರಿಯಾಕ ನನಗೂ ಮನಸ್ಸಾಗಂಗಿಲ್ಲ. ಅಕ್ಕಿ ತೊಳೆದ ನೀರು, ಬ್ಯಾಳಿ ತೊಳೆದ ನೀರು, ಪಲ್ಲೆ ತೊಳೆದ ನೀರು, ಇವನ್ನ ಒಂದು ಬಕೀಟಿಗೆ ಹಾಕತೇನಿ, ಎರಡು ಹೊತ್ತಿಗೆ ಬಕೀಟು ತುಂಬತೈತಿ, ನನ್ನ 8 ಚೀಲಕ್ಕ ಅಷ್ಟು ಸಾಕು. ಮಣ್ಣಿನ ಮ್ಯಾಲೆ ಒಣಗಿದ ಎಲಿ, ಕಬ್ಬಿನ ಹಾಲಿನ ಅಂಗಡ್ಯಾಗ ಒಗದ ಸಿಪ್ಪಿ ಹೊದಿಸಿದ್ರ ಹಸಿ ಇನ್ನೂ ತಡಿತೈತಿ. ಟೊಮ್ಯಾಟೊಕ್ಕ ಮಾತ್ರ ಬ್ಯಾಸಗ್ಯಾಗ ಕೈ ಹಾಕಬ್ಯಾಡ್ರಿ, 35 ಡಿಗ್ರಿ ದಾಟಿದ್ರ ಹೂವು ಕಾಯಿ ಹಿಡಿಯದ ಉದುರತಾವ, ನಾನು ಎರಡು ವರ್ಷ ಅತ್ತೇನಿ.

ಮಂಗ್ಯಾನ ಕಥಿ ಹೇಳಾಕ ಹೋದ್ರ ಇದು ಮುಗ್ಯಂಗಿಲ್ಲ. ಧಾರವಾಡದಾಗ ಇದ್ದವ್ರಿಗೆ ಗೊತ್ತೈತಿ. ಒಂದ ಮಾತು, ನಮ್ಮನ್ಯಾಗಂತೂ ಅವು ಮೆಂತೆ ಇನ್ನೂ ಮುಟ್ಟಿಲ್ಲ.

ಆದ್ರ ಖರೇ ಉತ್ತರ ಹೀರಿಬಳ್ಳ್ಯಾಗ ಐತಿ. ಶಿವರಾತ್ರಿಗೆ ಹಾಕಿದ್ದು ಯುಗಾದಿ ಸುತ್ತ ಹೂವು ಬಿಡಾಕ ಹತ್ತತೈತಿ. ಮೊದಲ ಬರೇ ಗಂಡು ಹೂವು, ಗೊಂಚಲು ಗೊಂಚಲು, ಕಾಯಿ ಯಾವಾಗ ಅಂತ ಎಲ್ಲಾರೂ ಕೇಳೋರ. ಆಮ್ಯಾಲೆ ಒಂದಿನ ಒಂಟಿ ಹೂವು ಬರತೈತಿ, ಅದರ ಹಿಂದ ಕಿರಿಬೆರಳಿನಷ್ಟು ಸಣ್ಣ ಹೀರಿಕಾಯಿ, ಏಣು ಸಮೇತ. ಅದು ಹೆಣ್ಣು. ಭಾಳಷ್ಟು ಹೂವು ಮುಂಜಾನೆ ಅರಳಿದ್ರ ಹೀರಿ ಹೂವು ಸಂಜಿಗೆ ಅರಳತೈತಿ, ನಾನು ಬಸ್ ಇಳಿದು ಮನಿ ಮುಟ್ಟೋ ಹೊತ್ತಿಗೆ ಸರಿಯಾಗಿ. ನಮ್ಮ ಮಾಳಿಗಿ ಮ್ಯಾಲೆ ಹುಳಾ ಹುಪ್ಪಡಿ ಕಡಿಮಿ, ಬಿಟ್ರ ಆ ಸಣ್ಣ ಕಾಯಿ ಎರಡು ದಿನಕ್ಕ ಹಳದಿಯಾಗಿ ಉದುರತೈತಿ, ಹಿಂಗಾಗಿ ಒಂದು ಗಂಡು ಹೂವು ಹರಿದು ಪಕಳಿ ತಗದು ಹೆಣ್ಣಿನ ನಡುವ ಹಗೂರಕ ತಿಕ್ಕಬೇಕು. ಮೊದಲ ಸಲ ನಾನು ಇದನ್ನ ಮಾಡುವಾಗ ಅತ್ತಿಯವ್ರು ಅರಬಿ ತಗೊಳ್ಳಾಕ ಮ್ಯಾಲೆ ಬಂದು ನೋಡಿ ಗಲ್ಲಕ್ಕ ಕೈ ಹಚ್ಚಿ ನಿಂತಿದ್ರು. "ಏನವ್ವಾ, ಲಗ್ನಾ ಮಾಡಸಾಕತ್ತಿಯೇನು? ಕಾಳು ಹಾಕಾಕ ನಾ ಬರಲೇನು?"

ಇಡೀ ದಿನ ಕಂಪ್ಯೂಟರ್ ಮುಂದ ಕುಂತು ನಾ ಏನ್ ಮಾಡಿದೆ ಅಂತ ನನಗ ಹೇಳಾಕ ಬರಂಗಿಲ್ರಿ. ಸಂಜಿಕ ಈ ಐದು ನಿಮಿಷದ ಕೆಲಸ ಮಾಡಿದ್ರ ಮೂರನೇ ದಿನಕ್ಕ ಕಾಯಿ ತುದಿ ಬಾಗಿ ದಪ್ಪ ಆಗಿರತೈತಿ, ಕಣ್ಣಿಗೆ ಕಾಣತೈತಿ. ಬಸ್ಸಿನಾಗ ಇಷ್ಟು ಹೇಳೋದ್ರಾಗ ನವನಗರ ಬಂದಿರತೈತಿ, ಕೇಳಿದವ್ರು ಇಳಿದು ಹೋಗಿರತಾರ.

ನಿನ್ನಿ ಆಫೀಸಿನಾಗ ಲೇಟಾತು, ಮನಿಗೆ ಬರೋದ್ರಾಗ ಎಂಟು. ಚಪ್ಪಲ್ ಸೈತ ಬಿಡದ ಮೊಬೈಲ್ ಟಾರ್ಚ್ ಹಚ್ಚಿ ಮ್ಯಾಲೆ ಓಡಿದೆ. ಕಟ್ಟಿ ಮ್ಯಾಲೆ ಪಕಳಿ ಬಿದ್ದಿದ್ವು. ಕೆಳಗಿಂದ ಅತ್ತಿಯವ್ರು ಕೂಗಿದ್ರು, "ಎರಡು ಜೋಡಿ ಇದ್ವು, ಎರಡೂ ಮುಗಿಸೇನಿ, ಬಾ, ರೊಟ್ಟಿ ಆರತಾವ."