ಮುಚ್ಚಳದ ಒಳಗಿನ ಸ್ಟಿಕರ್

ಇವತ್ತು ಗೆಳೆಯನ ಸ್ಪೋರ್ಟ್ಸ್ ಕಾರಿಗೆ ಪೆಟ್ರೋಲ್ ಹಾಕಿಸುವಾಗ ಟ್ಯಾಂಕ್ ಮುಚ್ಚಳದ ಒಳಗೆ ಕಣ್ಣು ಹೋಯಿತು. ಅಂಚು ಕಿತ್ತು ಬಂದ ಪುಟ್ಟ ಸ್ಟಿಕರ್. ಆಕ್ಟೇನ್ 98 ಹಾಕಿ, 95ಕ್ಕಿಂತ ಕಡಿಮೆ ಬೇಡ ಅಂತಿತ್ತು.

ಆಕ್ಟೇನ್ ಜಾಸ್ತಿ ಅಂದ್ರೆ ಶಕ್ತಿ ಜಾಸ್ತಿ ಅಂತಲೇ ಇಷ್ಟು ದಿನ ನಂಬಿದ್ದೆ. ಹಾಗಲ್ವಂತೆ! ಅದು ಪೆಟ್ರೋಲಿನ ತಾಳ್ಮೆಯ ಅಳತೆ. ಹೆಚ್ಚು ಗಾಳಿ ತುರುಕುವ ಟರ್ಬೊ ಎಂಜಿನ್ ಎಷ್ಟೇ ಅದುಮಿದರೂ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳಬೇಕು. ಇಲ್ಲದಿದ್ದರೆ ಒಳಗೆ ಟಕಟಕ ಬಡಿತ ಶುರು. ಈಗಿನ ಕಾರುಗಳಲ್ಲಿ ಸೆನ್ಸರ್ ಅದನ್ನು ಕೇಳಿಸಿಕೊಂಡು, ಪೆಟ್ರೋಲ್ ಹೊತ್ತಿಸುವ ಕಿಡಿಯನ್ನು ಚೂರು ತಡ ಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಓಟ ಮಾತ್ರ ಮಂಕು.

91 ಸಾಕು ಅನ್ನುವ ನನ್ನ ಹಳೇ ಕಾರಿಗೆ ಆಗಾಗ ಪ್ರೀತಿಯಿಂದ 98 ಕುಡಿಸಿದ್ದೇನೆ. ಸುಮ್ನೆ ದುಡ್ಡು ದಂಡ. ಪಾಪ, ಅದಕ್ಕೆ ಗೊತ್ತೂ ಆಗಿರಲಿಕ್ಕಿಲ್ಲ.